ಬಾಸ್ ಮೀನಿಗೆ ಸ್ಪಿನ್ನಿಂಗ್ ರೀಲಿನ ಡ್ರ್ಯಾಗ್ ಹೊಂದಿಸುವ ಕ್ರಮ

ಗಾಳ ಹಾಕಲು ಹೊರಡುವ ಮುನ್ನ ರೀಲಿನ ಪಕ್ಕದಲ್ಲೇ ದಾರವನ್ನು ಎರಡು ಬೆರಳುಗಳ ನಡುವೆ ಹಿಡಿದು, ಒಮ್ಮೆ ಎಳೆದು ನೋಡಿ, ದಾರ ಸುತ್ತಿರುವ ಸ್ಪೂಲ್ ಸ್ವಲ್ಪ ಜಾರಿದರೆ ‘ಸರಿಯಾಗಿದೆ’ ಎಂದುಕೊಳ್ಳುವುದು ಬಹುತೇಕರ ಅಭ್ಯಾಸ. ನಾನೂ ಹಲವು ವರ್ಷ ಹಾಗೆಯೇ ಮಾಡುತ್ತಿದ್ದೆ. ಕೊನೆಗೊಮ್ಮೆ ತಕ್ಕಡಿ ಕಟ್ಟಿ ಅಳೆದಾಗ, ಕೈಗೆ ಹದವಾಗಿದೆ ಎನಿಸಿದ್ದ ಆ ಎಳೆತ ನಾನು ಅಂದಾಜು ಮಾಡಿದ್ದರ ಹೆಚ್ಚುಕಡಿಮೆ ಎರಡರಷ್ಟಿತ್ತು. ತೆಳುವಾದ ದಾರ ಬಳಸುವವರಿಗೆ ಈ ತಪ್ಪು ದುಬಾರಿಯಾದದ್ದು. ಆದ್ದರಿಂದ ಡ್ರ್ಯಾಗನ್ನು, ಅಂದರೆ ಮೀನು ಎಷ್ಟು ಜೋರಾಗಿ ಎಳೆದರೆ ರೀಲ್ ದಾರ ಬಿಟ್ಟುಕೊಡಬೇಕು ಎಂಬುದನ್ನು ನಿರ್ಧರಿಸುವ ತಡೆಯನ್ನು, ಮನೆಯಲ್ಲೇ, ರಾಡನ್ನು ಬಾಗಿಸಿ, ಅಳತೆಯಿಂದ ಹೊಂದಿಸುವ ಬಗೆಯನ್ನೂ, ಹೊಂದಿಸಿದ ಮೇಲೆ ನಾಬ್ ತಿರುವುತ್ತ ಕೂರದೆ ಬೆರಳಿನಿಂದಲೇ ಮೀನನ್ನು ನಿಭಾಯಿಸುವ ಬಗೆಯನ್ನೂ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಡ್ರ್ಯಾಗ್ ಕೆಲಸ ಮಾಡುವ ರೀತಿ

ಸ್ಪಿನ್ನಿಂಗ್ ರೀಲಿನಲ್ಲಿ ಹಿಡಿಯನ್ನು ತಿರುಗಿಸಿದಾಗ ಸ್ಪೂಲ್ ತಿರುಗುವುದಿಲ್ಲ. ಅದರ ಸುತ್ತಲಿನ ರೋಟರ್ ತಿರುಗಿ, ದಾರವನ್ನು ಹಿಡಿಯುವ, ತೆರೆದು ಮುಚ್ಚಬಹುದಾದ ಬೇಲ್ ತಂತಿಯ ಬುಡದಲ್ಲಿರುವ ಸಣ್ಣ ರೋಲರಿನ ಮೂಲಕ ದಾರವನ್ನು ಸ್ಪೂಲಿಗೆ ಸುತ್ತುತ್ತದೆ. ಮೀನು ದಾರವನ್ನು ಎಳೆದಾಗ ರೋಟರ್ ಹಿಂದಕ್ಕೆ ತಿರುಗದಂತೆ ಒಳಗಿನ ಒಮ್ಮುಖ ಬೇರಿಂಗ್ ತಡೆಯುತ್ತದೆ. ಆಗ ಜಾರಬೇಕಾದದ್ದು ಸ್ಪೂಲ್. ಅದು ಎಷ್ಟು ಎಳೆತಕ್ಕೆ ಜಾರಬೇಕು ಎಂಬುದನ್ನು ನಿರ್ಧರಿಸುವುದೇ ಡ್ರ್ಯಾಗ್. ಸ್ಪೂಲಿನ ಒಳಗೆ ಒಂದರ ಮೇಲೊಂದು ಜೋಡಿಸಿದ ವಾಷರುಗಳಿರುತ್ತವೆ. ಲೋಹದ ವಾಷರುಗಳಲ್ಲಿ ಕೆಲವಕ್ಕೆ ಹೊರ ಅಂಚಿನಲ್ಲಿ ಕಿವಿಗಳಿದ್ದು ಅವು ಸ್ಪೂಲಿನೊಂದಿಗೆ ತಿರುಗುತ್ತವೆ. ಉಳಿದವುಗಳ ನಡುವಿನ ತೂತು ದುಂಡಗಿರದೆ ನಡುಕಂಬಿಗೆ ಕಚ್ಚಿಕೊಂಡಿರುವುದರಿಂದ ಅವು ತಿರುಗುವುದಿಲ್ಲ. ಈ ಎರಡರ ನಡುವೆ ಫೆಲ್ಟ್ ಅಥವಾ ಕಾರ್ಬನ್ ನಾರಿನ ವಾಷರುಗಳಿರುತ್ತವೆ. ಸ್ಪೂಲಿನ ಮುಂಭಾಗದಲ್ಲಿರುವ ನಾಬನ್ನು ಬಲಕ್ಕೆ ತಿರುಗಿಸಿದಂತೆ ಅದರ ಕೆಳಗಿನ ಸ್ಪ್ರಿಂಗ್ ಈ ಅಡುಕನ್ನು ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲಿಸುತ್ತದೆ. ಕೆಲವು ರೀಲುಗಳಲ್ಲಿ ನಾಬ್ ಹಿಂಭಾಗದಲ್ಲಿರುತ್ತದೆ. ಹೊಂದಿಸುವ ಕ್ರಮದಲ್ಲಿ ವ್ಯತ್ಯಾಸವಿಲ್ಲ, ಆದರೆ ಮುಂಭಾಗದ ಡ್ರ್ಯಾಗಿನಲ್ಲಿ ಅಗಲವಾದ ವಾಷರುಗಳಿಗೆ ಜಾಗವಿರುವುದರಿಂದ ಅದು ಸಾಮಾನ್ಯವಾಗಿ ಹೆಚ್ಚು ನಯವಾಗಿ ಜಾರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಿಂತಿರುವ ಸ್ಪೂಲನ್ನು ಅಲುಗಿಸಲು ಬೇಕಾದ ಎಳೆತ, ಅದು ಜಾರುತ್ತಿರುವಾಗ ಅದನ್ನು ಜಾರಿಸುತ್ತಲೇ ಇರಲು ಬೇಕಾದ ಎಳೆತಕ್ಕಿಂತ ಹೆಚ್ಚು. ದಾರ ತುಂಡಾಗುವುದು ಹೆಚ್ಚಾಗಿ ಆ ಮೊದಲ ಕ್ಷಣದಲ್ಲಿ, ಅಂದರೆ ಮೀನು ಥಟ್ಟನೆ ತಿರುಗಿ ಓಡಿದರೂ ಸ್ಪೂಲ್ ಇನ್ನೂ ಅಲುಗದೆ ನಿಂತಿರುವಾಗ. ಒಳ್ಳೆಯ ಡ್ರ್ಯಾಗಿನಲ್ಲಿ ಈ ಎರಡು ಎಳೆತಗಳ ಅಂತರ ಬಹಳ ಕಡಿಮೆ ಇರುತ್ತದೆ. ರೀಲಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗರಿಷ್ಠ ಡ್ರ್ಯಾಗಿನ ಅಂಕಿ ಎಷ್ಟೇ ದೊಡ್ಡದಿರಲಿ, ಬಾಸ್ ಹಿಡಿಯುವವರಿಗೆ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ನಾವು ಬಳಸುವುದು ಒಂದು ಕಿಲೋದ ಆಸುಪಾಸಿನಲ್ಲಿ ಮಾತ್ರ. ಆ ಕಡಿಮೆ ಎಳೆತದಲ್ಲಿ ಅದು ಎಷ್ಟು ನಯವಾಗಿ ಜಾರುತ್ತದೆ ಎಂಬುದನ್ನಷ್ಟೇ ನೋಡಿ ರೀಲನ್ನು ಆರಿಸಬೇಕು.

ಎಷ್ಟು ಎಳೆತಕ್ಕೆ ಹೊಂದಿಸಬೇಕು

ಅನುಭವಿಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಲೆಕ್ಕ ಸರಳವಾಗಿದೆ: ದಾರ ತಾಳುವ ಗರಿಷ್ಠ ಎಳೆತದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಸ್ಪೂಲ್ ಜಾರಬೇಕು. 6 ಪೌಂಡಿನ, ಅಂದರೆ ಸುಮಾರು 2.7 ಕಿಲೋ ತಾಳುವ ದಾರಕ್ಕೆ ಇದು ಸುಮಾರು 700ರಿಂದ 900 ಗ್ರಾಂ. 8 ಪೌಂಡಿಗೆ 900 ಗ್ರಾಂನಿಂದ 1.2 ಕಿಲೋ, 10 ಪೌಂಡಿಗೆ 1.1ರಿಂದ 1.5 ಕಿಲೋ. ಉಳಿದ ಮೂರನೇ ಎರಡು ಭಾಗ ಅಥವಾ ಅದಕ್ಕೂ ಹೆಚ್ಚಿನ ಶಕ್ತಿಯನ್ನು ಬಿಟ್ಟುಕೊಟ್ಟಂತಾಯಿತಲ್ಲ ಎಂದು ಮೊದಲ ಬಾರಿಗೆ ಕೇಳಿದವರಿಗೆ ಅನಿಸುವುದು ಸಹಜ. ಆದರೆ ಅದು ವ್ಯರ್ಥವಾಗಿ ಉಳಿಯುವುದಿಲ್ಲ. ಮುಂದೆ ಹೇಳುವ ಹಲವು ಕಾರಣಗಳು ಒಂದೊಂದಾಗಿ ಅದನ್ನು ತಿನ್ನುತ್ತ ಹೋಗುತ್ತವೆ.

ಲೆಕ್ಕ ಹಾಕುವಾಗ ಆಧಾರವಾಗಿ ಇಟ್ಟುಕೊಳ್ಳಬೇಕಾದದ್ದು ಇಡೀ ಜೋಡಣೆಯ ಅತ್ಯಂತ ದುರ್ಬಲ ಭಾಗವನ್ನು. ಸ್ಪೂಲಿನಲ್ಲಿ 15 ಪೌಂಡಿನ ಬ್ರೇಡ್ ದಾರವಿದ್ದು (ಹಲವು ಎಳೆಗಳನ್ನು ಹೆಣೆದು ಮಾಡಿದ್ದು), ತುದಿಗೆ 8 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ಗಾಳಕ್ಕೂ ಮುಖ್ಯ ದಾರಕ್ಕೂ ನಡುವಿನ ಬೇರೆ ದಾರದ ತುಂಡು, ಕಟ್ಟಿದ್ದರೆ ಲೆಕ್ಕವನ್ನು 8 ಪೌಂಡಿಗೇ ಹಾಕಬೇಕು. ಗಂಟು ಬಿದ್ದ ಜಾಗದಲ್ಲಿ ದಾರದ ಬಲ ಇನ್ನೂ ಕಡಿಮೆಯಾಗಿರುತ್ತದೆ. ಒದ್ದೆ ಮಾಡದೆ ಅವಸರದಲ್ಲಿ ಬಿಗಿದ ಗಂಟಾದರೆ ಮತ್ತಷ್ಟು ಕಡಿಮೆ. ನೈಲಾನ್ ದಾರ ನೀರನ್ನು ಹೀರಿಕೊಂಡಾಗ ಒಣಗಿದ್ದಾಗಿನ ಬಲವನ್ನು ಉಳಿಸಿಕೊಳ್ಳುವುದಿಲ್ಲ. ಕಲ್ಲುಬಂಡೆಗೆ ಉಜ್ಜಿ ಲೀಡರಿನ ಮೈ ತರಚಿದ್ದರೆ ಪೊಟ್ಟಣದ ಮೇಲಿನ ಅಂಕಿಯನ್ನು ನಂಬುವಂತೆಯೇ ಇಲ್ಲ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಏನೆಂದರೆ, ನಾಲ್ಕನೇ ಒಂದು ಭಾಗದಿಂದಲೇ ಆರಂಭಿಸಿ. ಗಂಟು ಕಟ್ಟುವ ಕೈ ಪಳಗಿದ ಮೇಲೆ ಮೂರನೇ ಒಂದಕ್ಕೆ ಹೋಗಬಹುದು.

ಮೀನಿನ ತೂಕವನ್ನು ಈ ಲೆಕ್ಕಕ್ಕೆ ತರುವವರಿದ್ದಾರೆ; ಅದು ಬೇಕಿಲ್ಲ. ನೀರಿನೊಳಗೆ ತೇಲುತ್ತಿರುವ ಮೀನಿನ ತೂಕ ದಾರದ ಮೇಲೆ ಬೀಳುವುದೇ ಇಲ್ಲ ಎನ್ನಬಹುದು. ದಾರಕ್ಕೆ ತಾಗುವುದು ಅದರ ಈಜಿನ ಬಲ, ತಲೆ ಕೊಡಹುವಾಗಿನ ಜಗ್ಗಾಟ ಮತ್ತು ಅದು ಅಡ್ಡ ತಿರುಗಿದಾಗ ನೀರು ಒಡ್ಡುವ ತಡೆ. 1932ರಲ್ಲಿ ಜಾರ್ಜ್ ಪೆರ‍್ರಿ ಅಮೆರಿಕದ ಜಾರ್ಜಿಯಾದಲ್ಲಿ ಹಿಡಿದ, 2009ರಲ್ಲಿ ಮನಾಬು ಕುರಿತಾ ಜಪಾನಿನ ಬೀವಾ ಸರೋವರದಲ್ಲಿ ಸರಿಗಟ್ಟಿದ, ಬಾಸಿನ ಒಂದು ಜಾತಿಯಾದ ಲಾರ್ಜ್‌ಮೌತ್ ಬಾಸಿನ ವಿಶ್ವದಾಖಲೆಯೇ 10 ಕಿಲೋಗಿಂತ ಸ್ವಲ್ಪ ಹೆಚ್ಚು. ದಿನನಿತ್ಯ ಗಾಳಕ್ಕೆ ಬೀಳುವ ಬಾಸ್ ಅದರ ಎಷ್ಟೋ ಪಾಲು ಕಡಿಮೆ. ಒಂದು ಕಿಲೋ ಎಳೆತದ ಡ್ರ್ಯಾಗ್, ಜೊತೆಗೆ ಬಾಗುವ ರಾಡ್, ಇವೆರಡೂ ತಾಳ್ಮೆಯಿಂದ ಬಳಸಿದಾಗ ಬಹಳ ದೊಡ್ಡ ಬಾಸನ್ನೂ ದಣಿಸುತ್ತವೆ.

ಅಳೆಯುವ ಮುನ್ನ ನೋಡಿಕೊಳ್ಳಬೇಕಾದ ಎರಡು ವಿಷಯಗಳು

ಮೊದಲನೆಯದು ಬ್ರೇಡ್ ದಾರಕ್ಕೆ ಸಂಬಂಧಿಸಿದ್ದು. ಬ್ರೇಡ್ ನುಣುಪಾದ ದಾರ. ಅದನ್ನು ಬರಿಯ ಲೋಹದ ಸ್ಪೂಲಿಗೆ ನೇರವಾಗಿ ಸುತ್ತಿದ್ದರೆ ಎಳೆದಾಗ ಸ್ಪೂಲ್ ನಿಂತಲ್ಲೇ ನಿಂತು, ದಾರದ ಇಡೀ ಸುರುಳಿಯೇ ಅದರ ಮೇಲೆ ಸುತ್ತಿ ಜಾರಬಹುದು. ಹೊರಗಿನಿಂದ ನೋಡುವವರಿಗೆ ಇದು ಡ್ರ್ಯಾಗ್ ಜಾರಿದಂತೆಯೇ ಕಾಣುತ್ತದೆ. ನಾಬನ್ನು ಎಷ್ಟು ಬಿಗಿದರೂ ಬಿಗಿಯಾಗುತ್ತಿಲ್ಲವಲ್ಲ, ವಾಷರ್ ಸವೆದಿರಬೇಕು ಎಂದುಕೊಂಡು ರೀಲನ್ನು ದುರಸ್ತಿಗೆ ಕೊಟ್ಟವರೂ ಇದ್ದಾರೆ. ಪರೀಕ್ಷೆ ಸುಲಭ: ನಾಬನ್ನು ಪೂರ್ತಿ ಬಿಗಿದು, ದಾರವನ್ನು ಬಟ್ಟೆಯಿಂದ ಹಿಡಿದು ಎಳೆಯಿರಿ, ಸ್ಪೂಲಿನ ಅಂಚನ್ನೇ ನೋಡುತ್ತಿರಿ. ಅಂಚು ಅಲುಗದೆ ದಾರ ಮಾತ್ರ ಹೊರಬರುತ್ತಿದ್ದರೆ ದಾರವನ್ನೆಲ್ಲ ಬಿಚ್ಚಿ, ಮೊದಲು ಕೆಲವು ಸುತ್ತು ನೈಲಾನ್ ದಾರವನ್ನೋ ಒಂದು ಸುತ್ತು ಅಂಟುಪಟ್ಟಿಯನ್ನೋ ಹಾಕಿ, ಅದರ ಮೇಲೆ ಬ್ರೇಡನ್ನು ಬಿಗಿಯಾಗಿ ಸುತ್ತಬೇಕು.

ಎರಡನೆಯದು ಸ್ಪೂಲ್ ಎಷ್ಟು ತುಂಬಿದೆ ಎಂಬುದು. ವಾಷರುಗಳು ಒಡ್ಡುವ ತಡೆ ಒಂದೇ ಆಗಿದ್ದರೂ ದಾರದ ಮೇಲೆ ಬೀಳುವ ಎಳೆತ ಸ್ಪೂಲಿನಲ್ಲಿರುವ ದಾರದ ಸುರುಳಿಯ ವ್ಯಾಸವನ್ನು ಅವಲಂಬಿಸುತ್ತದೆ. ಸುರುಳಿ ಕಿರಿದಾದಷ್ಟೂ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕು. ತುಂಬಿದ ಸ್ಪೂಲಿನ ಸುರುಳಿಯ ವ್ಯಾಸ 46 ಮಿ.ಮೀ. ಇದ್ದಾಗ ಒಂದು ಕಿಲೋಗೆ ಹೊಂದಿಸಿದ್ದೀರಿ ಎಂದುಕೊಳ್ಳಿ. ದೂರಕ್ಕೆ ಎಸೆದು, ಮೇಲೆ ಮೀನೂ ದಾರ ಎಳೆದುಕೊಂಡು ಹೋಗಿ ವ್ಯಾಸ 40 ಮಿ.ಮೀ.ಗೆ ಇಳಿದರೆ ಅದೇ ಡ್ರ್ಯಾಗ್ ಈಗ ಸುಮಾರು 1.15 ಕಿಲೋ ಎಳೆತಕ್ಕೆ ಜಾರುತ್ತದೆ. ನೀವು ನಾಬನ್ನು ಮುಟ್ಟಿಲ್ಲ, ಆದರೂ ಡ್ರ್ಯಾಗ್ ಬಿಗಿಯಾಗಿದೆ. ಆದ್ದರಿಂದ ಸ್ಪೂಲನ್ನು ಅಂಚಿನಿಂದ ಒಂದೆರಡು ಮಿ.ಮೀ. ಕೆಳಗಿನವರೆಗೆ ತುಂಬಿಸಿಕೊಂಡೇ ಅಳತೆ ಮಾಡಬೇಕು. ಅರ್ಧ ಖಾಲಿಯಾದ ಸ್ಪೂಲಿನಿಂದ ಬಾಸ್ ಹಿಡಿಯಲು ಹೋಗುವುದೇ ಒಳ್ಳೆಯದಲ್ಲ.

ಹೊಂದಿಸುವ ಹಂತಗಳು

ಇದಕ್ಕೆ ಬೇಕಾದದ್ದು ಕೊಕ್ಕೆಯುಳ್ಳ ಒಂದು ಸಣ್ಣ ತಕ್ಕಡಿ, ಸ್ಪ್ರಿಂಗಿನದಾದರೂ ಸರಿ, ಡಿಜಿಟಲ್ ಆದರೂ ಸರಿ. ತಕ್ಕಡಿ ಇಲ್ಲದವರು ಒಂದು ಲೀಟರಿನ ನೀರಿನ ಬಾಟಲಿಯನ್ನು ಬಳಸಬಹುದು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ, ಬೇಕಾದಷ್ಟು ಮಿಲಿಲೀಟರ್ ಅಳೆದು ತುಂಬಿದರೆ ಅಷ್ಟೇ ಗ್ರಾಂ ತೂಕದ ಬಟ್ಟು ಸಿದ್ಧವಾಗುತ್ತದೆ. ಖಾಲಿ ಬಾಟಲಿಯ ತೂಕ ಪ್ಲಾಸ್ಟಿಕ್ಕಿನದಾದರೆ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ.

ಮೊದಲು ರಾಡಿಗೆ ರೀಲ್ ಜೋಡಿಸಿ, ದಾರವನ್ನು ಎಲ್ಲ ಉಂಗುರಗಳ ಮೂಲಕ ಹಾಯಿಸಿ, ಲೀಡರನ್ನು ನೀವು ನಿಜವಾಗಿ ಬಳಸುವ ಗಂಟಿನಿಂದಲೇ ಕಟ್ಟಿಕೊಳ್ಳಿ. ತುದಿಯಲ್ಲಿ ಗಾಳದ ಬದಲು ಒಂದು ಕುಣಿಕೆ ಹಾಕಿ, ಅದನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ. ತಕ್ಕಡಿಯನ್ನು ನೆಲಮಟ್ಟದಲ್ಲಿ ಅಲುಗದ ಯಾವುದಾದರೂ ಗಟ್ಟಿ ವಸ್ತುವಿಗೆ ಕಟ್ಟಿ. ಅಥವಾ ಜೊತೆಯಲ್ಲಿರುವವರ ಕೈಯಲ್ಲಿ ಹಿಡಿಸಿ. ಕೆಲವು ಅಡಿ ಹಿಂದೆ ಸರಿದು ನಿಂತುಕೊಳ್ಳಿ. ಪರೀಕ್ಷೆಯ ವೇಳೆ ದಾರ ತುಂಡಾದರೆ ಅದರ ತುದಿ ಚಿಮ್ಮಿ ಮುಖಕ್ಕೆ ಬಡಿಯಬಹುದಾದ್ದರಿಂದ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು.

ಈಗ ನಾಬನ್ನು ಪೂರ್ತಿ ಸಡಿಲಿಸಿ, ಬೇಲ್ ಮುಚ್ಚಿ, ಹಿಡಿಯನ್ನು ತಿರುಗಿಸದೆ ರಾಡನ್ನು ನಿಧಾನವಾಗಿ ಮೇಲಕ್ಕೆತ್ತಿ. ರಾಡ್ ನೆಲಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿ, ಮೀನನ್ನು ಎಳೆಯುವಾಗ ಹೇಗೆ ಬಾಗಿರುತ್ತದೋ ಹಾಗೆ ಬಾಗಿರಬೇಕು. ಸ್ಪೂಲ್ ಸರಾಗವಾಗಿ ಜಾರುತ್ತದೆ, ತಕ್ಕಡಿಯ ಮುಳ್ಳು ಅಷ್ಟಾಗಿ ಏರುವುದಿಲ್ಲ. ನಾಬನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿ ಮತ್ತೆ ಎತ್ತಿ. ಹೀಗೆ ಪ್ರತಿಸಲವೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ ಒಂದು ಹಂತದಲ್ಲಿ ರಾಡಿನ ತುದಿ ಬಾಗಿ, ಮುಳ್ಳು 500, 600, 700 ಎಂದು ಏರಿ, ಸ್ಪೂಲ್ ಕಿಟಕಿಟ ಸದ್ದು ಮಾಡುತ್ತ ಜಾರತೊಡಗುತ್ತದೆ. ಆಗ ಎರಡು ಅಂಕಿಗಳನ್ನು ಗುರುತಿಸಿಕೊಳ್ಳಿ: ಸ್ಪೂಲ್ ಮೊದಲು ಅಲುಗಿದಾಗಿನದು, ಮತ್ತು ಜಾರುತ್ತಿರುವಾಗಿನದು. ನಾವು ಲೆಕ್ಕ ಹಾಕಿದ ಎಳೆತವನ್ನು ಮುಟ್ಟಬೇಕಾದದ್ದು ಮೊದಲನೆಯ ಅಂಕಿ. 8 ಪೌಂಡಿನ ಲೀಡರಿಗೆ ಆ ಮುಳ್ಳು 900ರಿಂದ 1,000 ಗ್ರಾಂ ನಡುವೆ ಇದ್ದಾಗ ಸ್ಪೂಲ್ ಅಲುಗಿದರೆ ಸಾಕು, ನಾಬಿನಿಂದ ಕೈ ತೆಗೆಯಿರಿ.

ಬಾಟಲಿ ಬಳಸುವವರು ಅದನ್ನು ನೆಲದ ಮೇಲಿಟ್ಟು, ಕುತ್ತಿಗೆಗೆ ದಾರ ಕಟ್ಟಿ, ರಾಡಿನಿಂದ ನಿಧಾನವಾಗಿ ಎತ್ತಲು ನೋಡಬೇಕು. ಬಾಟಲಿ ನೆಲ ಬಿಟ್ಟು ಮೇಲೇಳುತ್ತಿದೆಯೇನೋ ಎನ್ನುವಷ್ಟರಲ್ಲಿ ಸ್ಪೂಲ್ ಜಾರಿ ಅದು ಮತ್ತೆ ಕೂತುಕೊಂಡರೆ ಹದ ಬಂದಿದೆ ಎಂದರ್ಥ. ಬಾಟಲಿ ಸಲೀಸಾಗಿ ಎದ್ದು ಗಾಳಿಯಲ್ಲಿ ತೂಗಾಡಿದರೆ ಡ್ರ್ಯಾಗ್ ಬಿಗಿಯಾಗಿದೆ.

ರಾಡನ್ನು ಬಾಗಿಸಿಯೇ ಅಳೆಯಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಾರ ಬಾಗಿದ ರಾಡಿನ ಪ್ರತಿಯೊಂದು ಉಂಗುರದಲ್ಲೂ ಸ್ವಲ್ಪ ಸ್ವಲ್ಪ ತಿರುಗುತ್ತ ಉಜ್ಜಿಕೊಂಡು ಹೋಗುತ್ತದೆ. ರೀಲಿನ ಬಳಿ ಇರುವ ಎಳೆತಕ್ಕೆ ಈ ಉಜ್ಜುವಿಕೆ ಸೇರಿ, ರಾಡಿನ ತುದಿಯಿಂದಾಚೆ, ಅಂದರೆ ಲೀಡರಿನ ಮೇಲೆ ಬೀಳುವ ಎಳೆತ ಹೆಚ್ಚಾಗುತ್ತದೆ. ರೀಲಿನ ಪಕ್ಕದಲ್ಲೇ ದಾರ ಎಳೆದು ನೋಡುವವರು ತಪ್ಪುವುದು ಇಲ್ಲಿಯೇ. ತಕ್ಕಡಿ ಕಟ್ಟಿದ್ದಾಗಲೇ ಒಮ್ಮೆ ರಾಡನ್ನು ದಾರದ ನೇರಕ್ಕೆ ಚಾಚಿ ಹಿಂದಕ್ಕೆ ಸರಿದು ನೋಡಿ, ಆಮೇಲೆ ಮೇಲಕ್ಕೆತ್ತಿ ಬಾಗಿಸಿ ನೋಡಿ. ಎರಡು ಅಂಕಿಗಳ ಅಂತರವನ್ನು ಕಣ್ಣಾರೆ ಕಂಡವರು ಮತ್ತೆ ಹಳೆಯ ಅಭ್ಯಾಸಕ್ಕೆ ಹೋಗುವುದಿಲ್ಲ. ಇದೇ ತಿಳಿವಳಿಕೆ ಮೀನಿನೊಂದಿಗೆ ಸೆಣಸುವಾಗಲೂ ಉಪಯೋಗಕ್ಕೆ ಬರುತ್ತದೆ. ದಾರ ಇನ್ನೇನು ತುಂಡಾಗುತ್ತದೆ ಎನಿಸಿದಾಗ ರಾಡಿನ ತುದಿಯನ್ನು ಮೀನಿನತ್ತ ತಗ್ಗಿಸಿದರೆ ಉಂಗುರಗಳ ಉಜ್ಜುವಿಕೆ ತಗ್ಗಿ, ನಾಬ್ ಮುಟ್ಟದೆಯೇ ಎಳೆತ ಒಂದಿಷ್ಟು ಇಳಿಯುತ್ತದೆ.

ಅಳತೆ ಸರಿಬಂದ ಮೇಲೆ ತಕ್ಕಡಿಯನ್ನು ಕಳಚಿ, ರೀಲಿನ ಪಕ್ಕದ ದಾರವನ್ನು ಬೆರಳಿನಿಂದ ನಾಲ್ಕೈದು ಸಲ ಎಳೆದು ನೋಡಿ. ಈಗ ಕೈಗೆ ಅನಿಸುತ್ತಿರುವ ಈ ಬಿಗಿಯೇ ಸರಿಯಾದ ಬಿಗಿ ಎಂದು ಕೈ ಕಲಿತುಕೊಳ್ಳಲಿ. ಹೀಗೆ ಕಲಿತ ಕೈಯನ್ನು ಮುಂದೆ ನೀರಿನ ಬಳಿ ನಂಬಬಹುದು. ಬಹುತೇಕರ ಕೈಗೆ ಈ ಬಿಗಿ ‘ಇಷ್ಟು ಸಡಿಲವೇ’ ಎನ್ನುವಷ್ಟು ಕಡಿಮೆ ಎನಿಸುತ್ತದೆ. ಆ ಅನುಮಾನಕ್ಕೆ ಸೋತು ನಾಬನ್ನು ಮತ್ತೆ ಕಾಲು ಸುತ್ತು ಬಿಗಿಯಬೇಡಿ.

ಮೀನು ಹಿಡಿಯುವ ಬಗೆಗೆ ತಕ್ಕಂತೆ

ಡ್ರಾಪ್ ಶಾಟ್, ನೆಡ್ ರಿಗ್‌ಗಳಂತಹ, ಸಣ್ಣ ಪ್ಲಾಸ್ಟಿಕ್ ಆಮಿಷ ಕಟ್ಟುವ ಸೂಕ್ಷ್ಮ ಜೋಡಣೆಗಳಲ್ಲಿ ಗಾಳದ ತಂತಿ ತೆಳು, ಮೊನೆ ಹರಿತ. ಅದು ಮೀನಿನ ಬಾಯಿಗೆ ನಾಟಲು ರಾಡನ್ನು ಜೋರಾಗಿ ಎಳೆಯಬೇಕಾಗಿಲ್ಲ. ಸಡಿಲ ದಾರವನ್ನು ಸುತ್ತಿಕೊಂಡು ರಾಡನ್ನು ಒಂದು ಬದಿಗೆ ನಿಧಾನವಾಗಿ ತಂದರೆ ಸಾಕು. ಇದಕ್ಕೆ ನಾಲ್ಕನೇ ಒಂದರ ಲೆಕ್ಕ ಹೇಳಿ ಮಾಡಿಸಿದಂತಿದೆ. ದಪ್ಪ ತಂತಿಯ ಗಾಳವನ್ನು ಪ್ಲಾಸ್ಟಿಕ್ ಹುಳುವಿನೊಳಗೆ ಹುದುಗಿಸುವ ಟೆಕ್ಸಾಸ್ ರಿಗ್‌ನಲ್ಲಿ ಗಾಳ ಮೊದಲು ಪ್ಲಾಸ್ಟಿಕ್ ಸೀಳಿ, ಆಮೇಲೆ ಮೀನಿನ ದವಡೆಗೆ ಇಳಿಯಬೇಕು. ಆ ಕ್ಷಣದಲ್ಲಿ ಸ್ಪೂಲ್ ಜಾರಿದರೆ ಗಾಳ ಅರ್ಧಂಬರ್ಧ ನಾಟುತ್ತದೆ. ಹಾಗೆಂದು ಡ್ರ್ಯಾಗನ್ನು ಬಿಗಿಯುವ ಅಗತ್ಯವಿಲ್ಲ. ರಾಡನ್ನು ಎಳೆಯುವ ಕ್ಷಣಕ್ಕೆ ಮಾತ್ರ ತೋರುಬೆರಳಿನಿಂದ ಸ್ಪೂಲಿನ ಅಂಚನ್ನು ಒತ್ತಿ ಹಿಡಿದು, ಗಾಳ ನಾಟಿದ ಕೂಡಲೇ ಬೆರಳನ್ನು ತೆಗೆದುಬಿಡಬೇಕು. ಮೂರು ಮೊನೆಯ ಗಾಳಗಳಿರುವ ಕೃತಕ ಮೀನುಗಳನ್ನು ಬಳಸುವಾಗ ಡ್ರ್ಯಾಗ್ ಇನ್ನೂ ಸ್ವಲ್ಪ ಸಡಿಲವಿದ್ದರೂ ನಷ್ಟವಿಲ್ಲ, ಏಕೆಂದರೆ ಆ ಸಣ್ಣ ಮೊನೆಗಳು ಬಾಯಿಯ ತೆಳು ಚರ್ಮಕ್ಕೆ ಸಿಕ್ಕಿಕೊಂಡಿರುವುದೇ ಹೆಚ್ಚು. ಜಗ್ಗಿದರೆ ಚರ್ಮ ಹರಿದು ಗಾಳ ಕಳಚಿಕೊಳ್ಳುತ್ತದೆ.

ದಾರದ ಸ್ವಭಾವವೂ ಮುಖ್ಯ. ನೈಲಾನ್ ಎಳೆದರೆ ಹಿಗ್ಗುತ್ತದೆ. ಮೀನಿನ ಹಠಾತ್ ಜಗ್ಗಾಟದ ಒಂದು ಪಾಲನ್ನು ಆ ಹಿಗ್ಗುವಿಕೆಯೇ ನುಂಗಿಕೊಳ್ಳುತ್ತದೆ. ಬ್ರೇಡ್ ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ; ಹಾಗಾಗಿ ಜಗ್ಗಾಟವನ್ನೆಲ್ಲ ರಾಡ್ ಮತ್ತು ಡ್ರ್ಯಾಗ್ ಎರಡೇ ತಾಳಬೇಕು. ಬ್ರೇಡ್ ಬಲವಾದದ್ದು ಎಂಬ ಧೈರ್ಯದಲ್ಲಿ ಡ್ರ್ಯಾಗನ್ನು ಬಿಗಿಯುವವರು, ಸಣ್ಣ ಲೀಡರಿಗೆ ಆಧಾರವಾಗಬಹುದಾಗಿದ್ದ ಮೆತ್ತನೆಯ ಗುಣ ತಮ್ಮ ದಾರಕ್ಕಿಲ್ಲ ಎಂಬುದನ್ನು ಮರೆತಿರುತ್ತಾರೆ.

ಜೊಂಡು, ಮುಳುಗಿದ ಮರದ ಕೊಂಬೆಗಳ ನಡುವೆ ಲಾರ್ಜ್‌ಮೌತ್ ಬಾಸ್ ಹಿಡಿಯುವಾಗ ಅದಕ್ಕೆ ದಾರ ಬಿಟ್ಟುಕೊಟ್ಟರೆ ಕೊಂಬೆಗೆ ಸುತ್ತಿಕೊಳ್ಳುತ್ತದೆ, ನಿಜ. ಅಂತಹ ಜಾಗಕ್ಕೆ ಡ್ರ್ಯಾಗ್ ಬಿಗಿಯುವ ಬದಲು ದಪ್ಪ ಲೀಡರ್ ಕಟ್ಟಿ, ಆ ಲೀಡರಿನ ಮೂರನೇ ಒಂದು ಭಾಗಕ್ಕೆ ಹೊಸದಾಗಿ ಅಳತೆ ಮಾಡಿಕೊಳ್ಳಬೇಕು. ತೆರೆದ ಆಳದ ನೀರಿನಲ್ಲಿ ಇನ್ನೊಂದು ಜಾತಿಯಾದ ಸ್ಮಾಲ್‌ಮೌತ್ ಬಾಸಿಗೆ ಓಡಲು ಜಾಗವಿದೆ, ಸಿಕ್ಕಿಕೊಳ್ಳಲು ಏನೂ ಇಲ್ಲ, ಓಡಿದರೆ ಓಡಲಿ.

ಮೀನು ಗಾಳಕ್ಕೆ ಬಿದ್ದ ಮೇಲೆ

ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕು: ಸ್ಪೂಲ್ ಜಾರುತ್ತಿರುವಾಗ ಹಿಡಿಯನ್ನು ತಿರುಗಿಸಬಾರದು. ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ರೋಟರಿನ ಪ್ರತಿಯೊಂದು ಸುತ್ತಿಗೂ ದಾರಕ್ಕೆ ಒಂದು ಹುರಿ ಏರುತ್ತದೆ. ಹಿಡಿ ಒಂದು ಸುತ್ತು ತಿರುಗಿದರೆ ರೋಟರ್ ಆರು ಸುತ್ತು ತಿರುಗುವ ರೀಲಿನಲ್ಲಿ, ಗಾಬರಿಯಿಂದ ಹತ್ತು ಸಲ ಹಿಡಿ ತಿರುಗಿಸಿದರೆ ಅರವತ್ತು ಹುರಿ. ಮುಂದಿನ ಎಸೆತದಲ್ಲಿ ದಾರ ಸುರುಳಿ ಸುರುಳಿಯಾಗಿ ಹಾರಿ ಸಿಕ್ಕಾಗುವುದಕ್ಕೆ ಕಾರಣ ಇದೇ. ಮೀನು ಎಳೆಯುವಾಗ ಹಿಡಿಯಿಂದ ಕೈ ತೆಗೆದು, ರಾಡನ್ನು ಬಾಗಿಸಿ ಹಿಡಿದು ಸುಮ್ಮನೆ ಕಾಯಬೇಕು. ಅದು ನಿಂತಾಗ ರಾಡನ್ನು ನಿಧಾನವಾಗಿ ಮೇಲೆತ್ತಿ, ತಗ್ಗಿಸುತ್ತ ಸಡಿಲವಾದ ದಾರವನ್ನು ಮಾತ್ರ ಸುತ್ತಿಕೊಳ್ಳಬೇಕು.

ಹೆಚ್ಚು ಎಳೆತ ಬೇಕಾದಾಗ, ಉದಾಹರಣೆಗೆ ಮೀನು ಲಂಗರಿನ ಹಗ್ಗದತ್ತ ಹೋಗುತ್ತಿರುವಾಗ, ಬೆರಳಿನ ತುದಿಯನ್ನು ಸ್ಪೂಲಿನ ಅಂಚಿಗೆ ಮೆಲ್ಲಗೆ ತಾಗಿಸಿ. ತಿರುಗುತ್ತಿರುವ ಅಂಚು ಬೆರಳಿನ ಕೆಳಗೆ ನಿಧಾನವಾಗುವುದು ಚರ್ಮಕ್ಕೇ ತಿಳಿಯುತ್ತದೆ. ಮೀನು ಮತ್ತೆ ಜಗ್ಗಿದ ಕೂಡಲೇ ಬೆರಳು ತಾನಾಗಿ ಏಳುತ್ತದೆ. ಡ್ರ್ಯಾಗನ್ನು ಸ್ವಲ್ಪ ಸಡಿಲವಾಗಿಯೇ ಇಡಬೇಕು ಎಂದು ನಾನು ಹೇಳುವುದಕ್ಕೆ ಮುಖ್ಯ ಆಧಾರ ಇದು: ಸಡಿಲವಾದ ಡ್ರ್ಯಾಗಿಗೆ ಬೆರಳು ಯಾವ ಕ್ಷಣದಲ್ಲಾದರೂ ಬಿಗಿಯನ್ನು ಸೇರಿಸಬಲ್ಲದು, ಬಿಗಿಯಾದ ಡ್ರ್ಯಾಗಿನಿಂದ ಬಿಗಿಯನ್ನು ಕಳೆಯಲು ನಾಬನ್ನು ಹುಡುಕಿ ತಿರುಗಿಸುವಷ್ಟರಲ್ಲಿ ಮೀನು ಹೋಗಿರುತ್ತದೆ.

ಅತ್ಯಂತ ಅಪಾಯದ ಘಳಿಗೆ ಮೀನು ದೋಣಿಯ ಬಳಿ ಬಂದಾಗ. ದೂರದಲ್ಲಿದ್ದಾಗ ಉದ್ದನೆಯ ದಾರದ ಹಿಗ್ಗುವಿಕೆ ನೆರವಾಗುತ್ತಿತ್ತು. ಈಗ ರಾಡಿನ ತುದಿಯಿಂದ ಮೀನಿನವರೆಗೆ ಇರುವುದು ಒಂದೆರಡು ಮೀಟರ್. ದಣಿದಂತೆ ಕಂಡ ಮೀನು ದೋಣಿಯ ನೆರಳನ್ನು ಕಂಡ ತಕ್ಷಣ ಕೆಳಕ್ಕೆ ಧುಮುಕುತ್ತದೆ, ಸ್ಮಾಲ್‌ಮೌತ್ ಅಂತೂ ತಪ್ಪದೆ. ಅದಕ್ಕೂ ಮೊದಲೇ ನಾಬನ್ನು ಅರ್ಧ ಸುತ್ತು ಸಡಿಲಿಸಿ, ಕೊರತೆಯನ್ನು ಬೆರಳಿನಿಂದ ತುಂಬಿಕೊಳ್ಳುವುದು ಒಳ್ಳೆಯ ಕ್ರಮ. ಸೆಣಸಾಟದ ನಡುವೆ ನಾಬನ್ನು ಮುಟ್ಟಲು ನಾನು ಒಪ್ಪುವುದು ಈ ಒಂದು ಸಂದರ್ಭದಲ್ಲಿ, ಅದೂ ಸಡಿಲಿಸುವ ದಿಕ್ಕಿಗೆ ಮಾತ್ರ. ಮೀನನ್ನು ದಾರದಿಂದಲೇ ಎತ್ತಿ ದೋಣಿಗೆ ಹಾಕುವ ಯೋಚನೆ ಬೇಡ. ನೀರಿನಿಂದ ಹೊರಬಂದ ಕೂಡಲೇ ಅದರ ಪೂರ್ತಿ ತೂಕ ಗಂಟಿನ ಮೇಲೆ ಬೀಳುತ್ತದೆ. ಬಲೆಯಿಂದ ಎತ್ತಿ, ಇಲ್ಲವೇ ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿದೆತ್ತಿ.

ತೀರಾ ಸಡಿಲವಾದ ಡ್ರ್ಯಾಗಿಗೂ ದೋಷವಿದೆ. ಸೆಣಸಾಟ ಲಂಬಿಸಿದಷ್ಟೂ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತ ಹೋಗುತ್ತದೆ; ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರು ಇದನ್ನು ನೆನಪಿನಲ್ಲಿಟ್ಟು, ನಾಲ್ಕನೇ ಒಂದಕ್ಕಿಂತ ಬಹಳ ಕೆಳಗೆ ಇಳಿಯಬಾರದು.

ದಾರ ತುಂಡಾದಾಗ ತುದಿಯನ್ನು ನೋಡಿ

ನನ್ನ ಕೈತಪ್ಪಿದ ಒಂದು ಮೀನಿನ ವಿಷಯ ಹೇಳಬೇಕು. ಗಾಳ ತಳದ ಕಲ್ಲಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಡ್ರ್ಯಾಗನ್ನು ಪೂರ್ತಿ ಬಿಗಿದು ಎಳೆದೆ, ಗಾಳ ಬಿಡಿಸಿಕೊಂಡು ಬಂತು. ಮತ್ತೆ ಎಸೆದೆ. ನಾಬನ್ನು ಹಿಂದಕ್ಕೆ ತಿರುಗಿಸಲು ಮರೆತಿದ್ದೆ. ಮೂರನೆಯ ಎಸೆತದಲ್ಲಿ ಕಚ್ಚಿದ ಸ್ಮಾಲ್‌ಮೌತ್ ಒಮ್ಮೆ ನೀರಿನಿಂದ ಮೇಲಕ್ಕೆ ಜಿಗಿದು, ಬಿದ್ದು, ದೋಣಿಯ ಅಡಿಗೆ ನುಗ್ಗಿತು. ಸ್ಪೂಲ್ ಒಂದಿಷ್ಟೂ ಅಲುಗಲಿಲ್ಲ. ದಾರ ಹಗುರಾಯಿತು. ಸುತ್ತಿಕೊಂಡು ನೋಡಿದರೆ ಲೀಡರಿನ ತುದಿ ಸಣ್ಣ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿತ್ತು. ಆ ಸುರುಳಿ ಗಂಟು ಜಾರಿ ಬಿಚ್ಚಿಕೊಂಡದ್ದರ ಗುರುತು. ಗಂಟು ಅಷ್ಟು ಚೆನ್ನಾಗಿರಲಿಲ್ಲ ಎಂಬುದು ನಿಜ, ಆದರೆ ಡ್ರ್ಯಾಗ್ ಅಳತೆಯಲ್ಲಿದ್ದಿದ್ದರೆ ಆ ಗಂಟಿಗೆ ಅಷ್ಟು ಎಳೆತ ತಲುಪುತ್ತಲೇ ಇರಲಿಲ್ಲ. ತುಂಡಾದ ತುದಿ ಒರಟಾಗಿ, ಮೇಲಿನ ಕೆಲವು ಅಂಗುಲ ಗೀರುಗೀರಾಗಿದ್ದರೆ ದಾರ ಕಲ್ಲಿಗೆ ಉಜ್ಜಿದೆ. ಆಗ ಲೀಡರ್ ಬದಲಿಸಬೇಕು.

ಅಂದಿನಿಂದ ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ನಾನು ನಾಬನ್ನು ಮುಟ್ಟುವುದಿಲ್ಲ. ರಾಡನ್ನು ದಾರದ ನೇರಕ್ಕೆ ಚಾಚಿ, ಸ್ಪೂಲನ್ನು ಅಂಗೈಯಿಂದ ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಸರಿಯುತ್ತೇನೆ. ಬ್ರೇಡ್ ಆದರೆ ಬೆರಳನ್ನು ಕೊಯ್ಯುವುದರಿಂದ ದಾರವನ್ನು ಬರಿಗೈಗೆ ಸುತ್ತಿಕೊಳ್ಳದೆ ಒಂದು ಕೋಲಿಗೆ ಸುತ್ತಿ ಎಳೆಯುತ್ತೇನೆ. ಗಾಳ ಬಿಡಿಸಿಕೊಂಡ ಮೇಲೂ, ಲೀಡರ್ ಬದಲಿಸಿದ ಮೇಲೂ, ನಡುಹಗಲು ಒಮ್ಮೆಯೂ ಡ್ರ್ಯಾಗನ್ನು ಕೈಯಿಂದ ಎಳೆದು ನೋಡುವುದು ಈಗ ರೂಢಿಯಾಗಿದೆ.

ನಯವಾಗಿ ಜಾರದ ಡ್ರ್ಯಾಗ್

ಅಳತೆ ಸರಿಯಿದ್ದರೂ ಡ್ರ್ಯಾಗ್ ತಡೆತಡೆದು ಜಾರುತ್ತಿದ್ದರೆ ಪ್ರಯೋಜನವಿಲ್ಲ. ಇದನ್ನು ಕಂಡುಕೊಳ್ಳಲು ರಾಡಿನ ತುದಿಯನ್ನು ನೋಡಬೇಕು. ಜೊತೆಯವರು ದಾರವನ್ನು ಹಿಡಿದು ಸಮನಾಗಿ ನಡೆಯುತ್ತ ಹೋಗಲಿ. ತುದಿ ಒಂದೇ ಬಾಗಿನಲ್ಲಿ ನಿಂತಿದ್ದರೆ ಡ್ರ್ಯಾಗ್ ಚೆನ್ನಾಗಿದೆ, ತಲೆಯಾಡಿಸಿದಂತೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ವಾಷರುಗಳಿಗೆ ಕೊಳೆ ಸೇರಿದೆ ಅಥವಾ ಗ್ರೀಸ್ ಒಣಗಿದೆ. ನಾಬನ್ನು ಪೂರ್ತಿ ಬಿಚ್ಚಿ, ಸ್ಪೂಲ್ ತೆಗೆದು, ವಾಷರುಗಳನ್ನು ಹಿಡಿದಿರುವ ತಂತಿಯ ಕ್ಲಿಪ್ಪನ್ನು ಸೂಕ್ಷ್ಮವಾಗಿ ಕಳಚಿ. ಅದು ಚಿಮ್ಮಿ ಹಾರುವ ಸ್ವಭಾವದ್ದು. ಮೇಲೆ ಒಂದು ಬೆರಳಿರಲಿ. ವಾಷರುಗಳನ್ನು ತೆಗೆದ ಕ್ರಮದಲ್ಲೇ ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಡಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಒಂದು ವಾಷರ್ ಹಿಂದುಮುಂದಾದರೂ ಡ್ರ್ಯಾಗ್ ಕೆಲಸ ಮಾಡುವುದಿಲ್ಲ. ಒರೆಸಿ, ಡ್ರ್ಯಾಗಿಗೆಂದೇ ಸಿಗುವ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಜೋಡಿಸಿ. ಕಾರ್ಬನ್ ವಾಷರುಗಳನ್ನು ಒಣಗಿದ ಹಾಗೆಯೇ ಬಳಸುವಂತೆ ಮಾಡಿರುವ ರೀಲುಗಳೂ ಇವೆಯಾದ್ದರಿಂದ ರೀಲಿನ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಸಾಮಾನ್ಯ ಯಂತ್ರದ ಎಣ್ಣೆಯನ್ನಂತೂ ಹಾಕಬಾರದು. ಬೇಲಿನ ಬುಡದ ರೋಲರ್ ತಿರುಗುತ್ತಿದೆಯೇ ಎಂಬುದನ್ನೂ ಇದೇ ವೇಳೆಗೆ ನೋಡಿ; ಅದು ಕಚ್ಚಿಕೊಂಡಿದ್ದರೆ ದಾರ ಅಲ್ಲಿಯೇ ಉಜ್ಜಿ ಸವೆಯುತ್ತದೆ.

ಮೀನು ಹಿಡಿದು ಮನೆಗೆ ಬಂದ ಮೇಲೆ ರೀಲನ್ನು ತೊಳೆಯುವುದಾದರೆ, ವಾಷರುಗಳ ನಡುವೆ ನೀರು ಇಳಿಯದಂತೆ ಮೊದಲು ನಾಬನ್ನು ಬಿಗಿದು, ಮೇಲಿಂದ ತೆಳ್ಳಗೆ ನೀರು ಹಾಯಿಸಿ ಒರೆಸಬೇಕು. ಒಣಗಿದ ಮೇಲೆ ನಾಬನ್ನು ಪೂರ್ತಿ ಸಡಿಲಿಸಿಡಬೇಕು. ತಿಂಗಳುಗಟ್ಟಲೆ ಒತ್ತಡದಲ್ಲೇ ಇದ್ದರೆ ಫೆಲ್ಟ್ ವಾಷರುಗಳು ಚಪ್ಪಟೆಯಾಗಿ ಅಂಟಿಕೊಂಡು, ಮುಂದಿನ ಸಲ ಸ್ಪೂಲ್ ಮೊದಲು ಅಲುಗುವುದಕ್ಕೇ ದುಪ್ಪಟ್ಟು ಎಳೆತ ಕೇಳುತ್ತವೆ. ಹೀಗೆ ಸಡಿಲಿಸಿಟ್ಟ ರೀಲನ್ನು ಮತ್ತೆ ಕೈಗೆತ್ತಿಕೊಂಡ ದಿನ ದಾರ ತಡೆಯಿಲ್ಲದೆ ಹೊರಬರುತ್ತದೆ. ಆಗ ಅಂದಾಜಿನಿಂದ ನಾಬ್ ತಿರುಗಿಸದೆ, ಬಾಟಲಿಗೆ ನೀರು ಅಳೆದು ತುಂಬುವುದರಿಂದಲೇ ಮತ್ತೆ ಆರಂಭಿಸಿ.